ಕೊಯ್ಲಿನ ವಾರಕ್ಕೊಂದು ಪ್ರವಾಸ

"ನಿಮ್ಮ ಕೋಲೆಲ್ಲಿ?"

ಒಳಗೆ ಬಂದವನೇ ಉಡ ಕೇಳಿದ್ದು ಅದೊಂದೇ. ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ.

ಪ್ರವಾಸದ ಆಫೀಸಿನ ಯಜಮಾನರು ಕನ್ನಡಕದ ಮೇಲಿಂದ ನೋಡಿದರು. "ಬಾಗಿಲ ಹಿಂದೆ ಇದೆಯಲ್ಲ. ಯಾಕೆ, ನಿಮಗೂ ಬೇಕಾಯ್ತಾ?"

"ಮೆಟ್ಟಿಲು ಹತ್ತೋಕಾಗುತ್ತಾ ನಿಮಗೆ?"

"ಆಗಿದ್ರೆ ಮೇಲಿದ್ದ ಆಫೀಸನ್ನ ಕೆಳಗೆ ಯಾಕೆ ತರ್ತಿದ್ದೆ?"

"ವೈನ್ ಕುಡೀತೀರಾ?"

"ಡಾಕ್ಟರು ಬಿಡಿಸಿ ಏಳು ವರ್ಷ ಆಯ್ತು. ಮೊದಲು ಕೂತ್ಕೊಳ್ಳಿ ಸಾರ್. ನಿಮ್ಮನ್ನ ನೋಡಿದ್ರೆ ನೀವೇ ಕಾಣೆಯಾದೋರ ಥರ ಇದೀರಿ."

ಉಡ ಕೂರಲಿಲ್ಲ. ಮೂರೂ ಉತ್ತರಗಳು ಅವನು ಬಯಸಿದಂತೆಯೇ ಬಂದಿದ್ದವು. ಹದಿನೆಂಟು ದಿನದಿಂದ ಅವನು ಹುಡುಕುತ್ತಿದ್ದ ಮನುಷ್ಯನಿಗೆ ಕಾಲು ಸರಿಯಿಲ್ಲ, ಮೆಟ್ಟಿಲು ಹತ್ತಲಾಗದು, ವೈನ್ ಮುಟ್ಟುವುದಿಲ್ಲ. ಆ ಮನುಷ್ಯ ಇಗೋ, ಎದುರಿಗೇ ಕೂತಿದ್ದಾನೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವ ಗಾದೆ ಪೊಲೀಸರಿಗೆಂದೇ ಹುಟ್ಟಿರಬೇಕು.

ಮೂವತ್ತೊಂದು ವರ್ಷ ಇಲಾಖೆಯಲ್ಲಿ ಸವೆದು ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು ಇವನು. ಹಿಡಿದದ್ದನ್ನು ಬಿಡದ ಗುಣಕ್ಕೆ ಕೈಕೆಳಗಿನವರೇ ಇಟ್ಟ ಹೆಸರು ಉಡ. ಬೆನ್ನ ಹಿಂದಿನ ಹೆಸರು ನಿಧಾನಕ್ಕೆ ಮುಖದ ಮುಂದೆಯೇ ಬಂತು, ಅವನೂ ಬೇಸರಿಸಿಕೊಳ್ಳಲಿಲ್ಲ. ಆದರೆ ಈ ಸಲ ಹಿಡಿಯಲು ಗೋಡೆಯೇ ಸಿಕ್ಕಿರಲಿಲ್ಲ. ಅಕ್ಕನ ಒಬ್ಬಳೇ ಮಗಳು ಗುಬ್ಬಿ, ಇದೇ ಆಫೀಸಿನಲ್ಲಿ ಐದು ವರ್ಷದಿಂದ ಜನರ ಪ್ರವಾಸ ಹೊಂದಿಸಿಕೊಡುತ್ತಿದ್ದವಳು, ಒಂದು ಶುಕ್ರವಾರ ಸಂಜೆ ಕೆಲಸ ಮುಗಿಸಿ ಹೊರಟವಳು ಮನೆ ಸೇರಲಿಲ್ಲ. ಸೋಮವಾರ ಮನೆಯಲ್ಲಿ ಅವಳ ಮೇಜಿನ ಮೇಲೆ ಸಿಕ್ಕ ಒಂದು ಹಾಳೆ ಹಿಡಿದು, ಆರು ಗಂಟೆ ದಾರಿಯ ದ್ರಾಕ್ಷಿ ಕಣಿವೆಯನ್ನೆಲ್ಲ ಜಾಲಾಡಿ, ಬರಿಗೈಯಲ್ಲಿ ಅವನು ಈಗಷ್ಟೇ ವಾಪಸಾಗಿದ್ದ.

"ನೀವು ಗುಬ್ಬಿ ಜೊತೆ ಕಣಿವೆಗೆ ಹೋಗಿದ್ರಿ," ಉಡ ಹೇಳಿದ.

ಯಜಮಾನರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಆಮೇಲೆ ಮುಖ ಕೆಂಪಾಯಿತು. "ಸಾರ್, ಅವಳು ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕೋಳು. ನಾಲಿಗೆ ಮೇಲೆ ಹಿಡಿತ ಇರಲಿ. ಆ ಶನಿವಾರ ಭಾನುವಾರ ಎರಡೂ ದಿನ ಇದೇ ಕುರ್ಚೀಲಿ ಕೂತಿದ್ದೆ. ನಲವತ್ತು ಜನರ ಗುಂಪು ಹೊರಡೋದಿತ್ತು. ಬೇಕಾದ್ರೆ ನಲವತ್ತು ಜನಾನೂ ಕೇಳಿ."

ಸುಳ್ಳು ಹೇಳುವವರು ಒಬ್ಬ ಸಾಕ್ಷಿಯನ್ನು ಕೊಡುತ್ತಾರೆ, ಹೆಚ್ಚೆಂದರೆ ಇಬ್ಬರನ್ನು. ನಲವತ್ತು ಜನರನ್ನು ಯಾರೂ ಕೊಡುವುದಿಲ್ಲ. ಇಷ್ಟು ದಿನದ ಕೊನೆಯ ಎಳೆಯೂ ತುಂಡಾದದ್ದು ಉಡನಿಗೆ ಆಗಲೇ ತಿಳಿಯಿತು. ಈಗ ಕೂತ.

"ಮೆಟ್ಟಿಲು, ವೈನು, ಇದೆಲ್ಲ ನಿಮಗೆ ಎಲ್ಲಿಂದ ಬಂತು?" ಯಜಮಾನರು ತುಸು ಮೆತ್ತಗಾಗಿ ಕೇಳಿದರು.

ಉಡ ಒಳಜೇಬಿನಿಂದ ಪ್ಲಾಸ್ಟಿಕ್ ಕವರಿನೊಳಗಿನ ಟೈಪ್ ಮಾಡಿದ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಅದನ್ನು ಅವನು ಈವರೆಗೆ ಯಾರಿಗೂ ತೋರಿಸಿರಲಿಲ್ಲ. ಪುರಾವೆಯನ್ನು ಅನುಮಾನ ಇರುವವರ ಕೈಗೆ ಕೊಡಬಾರದು ಅನ್ನುವುದು ಅವನ ಮೂವತ್ತೊಂದು ವರ್ಷದ ನೇಮ. ಯಜಮಾನರು ಮೊದಲ ದಿನದಿಂದಲೂ ಅನುಮಾನದ ಪಟ್ಟಿಯಲ್ಲಿದ್ದರು.

ಯಜಮಾನರು ಹಾಳೆಯನ್ನು ಬೆಳಕಿಗೆ ಹಿಡಿದರು. ಒಂದೇ ಸಾಲಿಗೆ ಅವರ ಕಣ್ಣು ತುಂಬಿತು.

"ಅವಳದೇ. 'ಬೆಳಿಗ್ಗೆ ಏಳರ ರೈಲು, ಎಡಗಡೆ ಕಿಟಕಿ.' ಎಡಗಡೆ ಕೂತ್ರೆ ಮಾತ್ರ ನದಿ ಕಾಣುತ್ತೆ ಸಾರ್. ಯಾರು ಇಷ್ಟೆಲ್ಲ ನೋಡ್ತಾರೆ? 'ಹನ್ನೊಂದಕ್ಕೆ ಮೊದಲನೇ ವೈನರಿ. ನೆಲಮಾಳಿಗೆ ನೋಡುವುದು, ನಾಲ್ಕು ಬಗೆಯ ರುಚಿ. ಒಬ್ಬರಿಗೆ ವೈನ್ ಬೇಡ, ದ್ರಾಕ್ಷಿ ರಸ ಸಾಕು.' ದಿನಕ್ಕೆ ಎರಡೇ ವೈನರಿ ಹಾಕ್ತಾಳೆ, ಮೂರನೇದಕ್ಕೆ ಹೋದ್ರೆ ನಾಲಿಗೆಗೆ ಸೀಮೆಎಣ್ಣೆಯೂ ವೈನೂ ಒಂದೇ ಅಂತಾಳೆ. 'ಮಧ್ಯಾಹ್ನ ಎರಡರಿಂದ ನಾಲ್ಕು: ಕಲ್ಲುಬೆಂಚು, ಏನೂ ಇಲ್ಲ.'"

"ಅದರ ಅರ್ಥ ಏನು?" ಉಡ ಕೇಳಿದ. ಕಣಿವೆಯಲ್ಲಿ ಒಂದು ಮಧ್ಯಾಹ್ನ ಅವನು ಆ ಹಾಳೆ ಹೇಳಿದ ಹೊತ್ತಿಗೆ, ಹೇಳಿದ ಕಲ್ಲುಬೆಂಚಿನ ಮೇಲೆ ಎರಡು ಗಂಟೆ ಕೂತು ಬಂದಿದ್ದ. ಅಲ್ಲಿ ನಿಜಕ್ಕೂ ಏನೂ ಇರಲಿಲ್ಲ.

"ಅರ್ಥ ಅಷ್ಟೇ. ಏನೂ ಮಾಡಬೇಡಿ ಅಂತ. ದುಡಿದು ಸುಸ್ತಾದೋರಿಗೆ ಪ್ರವಾಸದಲ್ಲೂ ದುಡಿಮೆ ಹಚ್ಚಬಾರದು ಅಂತಾಳೆ. 'ಕೆಳಗಿನ ಅಂತಸ್ತಿನ ಕೋಣೆ, ಒಬ್ಬರಿಗೆ ಮೆಟ್ಟಿಲು ಆಗದು. ಹಾಸಿಗೆ ಗಟ್ಟಿ ಇರಲಿ. ಬೆಳಿಗ್ಗೆ ಆರಕ್ಕೆ ಮಾತ್ರೆಗೆ ಬಿಸಿನೀರು...'"

ಅವರ ಕಣ್ಣು ಹಾಳೆಯ ನೆತ್ತಿಯಲ್ಲಿದ್ದ ತಾರೀಖಿಗೆ ಮರಳಿತು. ಓದುವುದು ನಿಂತಿತು. ಕುರ್ಚಿಯಲ್ಲೇ ಹಿಂದೆ ತಿರುಗಿ ಗೋಡೆಯ ಕ್ಯಾಲೆಂಡರ್ ನೋಡಿದರು, ಮತ್ತೆ ಹಾಳೆ ನೋಡಿದರು.

"ಸಾರ್, ಇದನ್ನ ಗುಬ್ಬಿ ಮಾಡಿಲ್ಲ."

"ಈಗ ತಾನೇ ಅವಳದೇ ಅಂದ್ರಿ."

"ಮಾತು ಅವಳದು. ತಾರೀಖು ಅವಳದಲ್ಲ. ಎದ್ದು ಬಂದು ಇದನ್ನ ನೋಡಿ."

ಕ್ಯಾಲೆಂಡರಿನಲ್ಲಿ ಎರಡು ವಾರಗಳ ಮೇಲೆ ಕೆಂಪು ಪೆನ್ನಿನ ಗೀರು ಎಳೆದಿತ್ತು. ಪಕ್ಕದಲ್ಲಿ ಗುಬ್ಬಿಯ ದುಂಡಗಿನ ಅಕ್ಷರ: 'ಕಣಿವೆ ಬೇಡ. ಯಾರು ಕಾಲಿಗೆ ಬಿದ್ದರೂ ಬೇಡ.' ಅವಳ ಹಾಳೆಯಲ್ಲಿದ್ದ ಶನಿವಾರ ಆ ಕೆಂಪು ಗೀರಿನ ಒಳಗೇ ಬಿದ್ದಿತ್ತು.

"ಕೊಯ್ಲಿನ ವಾರಗಳು ಸಾರ್. ದ್ರಾಕ್ಷಿ ಕಿತ್ತು, ರಸ ತೆಗೆದು, ಅದು ಹುಳಿ ಬಂದು ಕುದಿಯೋ ದಿನಗಳು. ನೆಲಮಾಳಿಗೇಲಿ ಗಾಳಿ ಕೆಟ್ಟು ಹೋಗುತ್ತೆ, ಉಸಿರು ಕಟ್ಟಿ ಕೆಲಸದೋರೇ ಬಿದ್ದಿದ್ದುಂಟು. ಹೊರಗಿನೋರನ್ನ ಗೇಟಿನ ಒಳಗೂ ಬಿಡಲ್ಲ. ಐದು ವರ್ಷದಲ್ಲಿ ಈ ಎರಡು ವಾರಕ್ಕೆ ಅವಳು ಒಂದು ನರಪಿಳ್ಳೇನೂ ಕಳಿಸಿಲ್ಲ. ಒಬ್ಬ ದೊಡ್ಡ ಗಿರಾಕಿ ಬಂದು ಕೂಗಾಡಿದ, ನಾನೇ ಹೋಗ್ಲಿ ಬಿಡಮ್ಮ ಅಂದೆ. ನನ್ನನ್ನೇ ಬೈದ್ಲು. ಅಂಥೋಳು ತನಗೇ ಇಂಥಾ ಪ್ಲಾನ್ ಹಾಕ್ಕೊಳ್ತಾಳಾ?"

ಉಡ ಕೆಂಪು ಗೀರಿನ ಮೇಲೆ ಬೆರಳಾಡಿಸಿದ. ಕಣಿವೆಯಲ್ಲಿ ಪ್ರತಿ ಗೇಟಿನಲ್ಲೂ ಅವನು ಕೇಳಿದ್ದು ಒಂದೇ ಮಾತು: ಕೊಯ್ಲು ನಡೀತಿದೆ, ಯಾರೂ ಬಂದಿಲ್ಲ. ಬಾಗಿಲು ಮುಚ್ಚಿದ್ದು ನೋಡಿ ಗುಬ್ಬಿ ಜೊತೆಗಾರನೊಂದಿಗೆ ಬೇರೆ ಕಡೆ ಹೋಗಿರಬೇಕು ಅಂದುಕೊಂಡಿದ್ದ. ಹಾಗಂದುಕೊಂಡೇ ಬೆಟ್ಟದ ಮೇಲಿನ ವೈನರಿಗಳು, ಬೆಟ್ಟದ ಕೆಳಗಿನ ವೈನರಿಗಳು, ಪಾಳುಬಿದ್ದ ಪೀಪಾಯಿ ಶೆಡ್ಡುಗಳು, ಒಂದನ್ನೂ ಬಿಟ್ಟಿರಲಿಲ್ಲ.

"ಮೊದಲ ದಿನವೇ ಇದನ್ನ ನನಗೆ ತೋರಿಸಿದ್ರೆ ಅರ್ಧ ನಿಮಿಷದಲ್ಲಿ ಹೇಳ್ತಿದ್ನಲ್ಲ," ಯಜಮಾನರು ಹೇಳಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ನೋವಾಯಿತು.

ಅರ್ಧ ನಿಮಿಷ. ತನ್ನ ನೇಮ, ತನ್ನ ಜಾಣತನ, ತನ್ನ ಪ್ಲಾಸ್ಟಿಕ್ ಕವರು ಸೇರಿ ಆ ಅರ್ಧ ನಿಮಿಷವನ್ನು ಹದಿನೆಂಟು ದಿನ ಮಾಡಿದ್ದವು. ಉಡನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಯಾರು ಮಾಡಿರಬಹುದು ಇದನ್ನ?"

"ನಮ್ಮ ಆಫೀಸಿನೋರಂತೂ ಅಲ್ಲ. ಇಲ್ಲಿಯ ಪ್ಲಾನಿಗೆಲ್ಲ ಮೂಲೇಲಿ ನಂಬರ್ ಬೀಳುತ್ತೆ, ಇದಕ್ಕಿಲ್ಲ. ಇದು ಅವಳು ಮನೇಲಿ ಕೂತು ಮನೆಯೋರಿಗೆ ಮಾಡಿಕೊಟ್ಟ ಹಳೇ ಹಾಳೆ. ಯಾರೋ ತಾರೀಖು ಮಾತ್ರ ಬದಲಾಯಿಸಿದಾರೆ. ಕೊಯ್ಲಿನ ವಿಷಯ ಗೊತ್ತಿಲ್ಲದೋರು." ಯಜಮಾನರು ಹಣೆ ಉಜ್ಜಿಕೊಂಡರು. "ಎರಡು ವರ್ಷದ ಹಿಂದೆ ರಜ ಕೇಳಿದ್ಲು. ಅಪ್ಪ ಅಮ್ಮನ ಮದುವೆಯ ಮೂವತ್ತನೇ ವರ್ಷ, ಅವರನ್ನ ಕಣಿವೆಗೆ ಕಳಿಸ್ತೀನಿ, ರೈಲು ಹತ್ತಿಸಿ ಬರಬೇಕು ಅಂತ. ಬಳ್ಳಿ ಚಿಗುರೋ ಕಾಲ ಅದು. ನಿಮ್ಮ ಭಾವನವರಿಗೆ ಮಂಡಿ ನೋವು ಇತ್ತಲ್ವಾ?"

ಇತ್ತು. ಭಾವ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮಂಡಿಯನ್ನು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಏರುತ್ತಿದ್ದ ಭಾವನನ್ನು ಹತ್ತು ವರ್ಷ ನೋಡಿದ ಉಡ, ಹಾಳೆಯಲ್ಲಿ ಅದೇ ಮಂಡಿಯನ್ನು ಗುರುತಿಸಲಾರದೆ ಅಪರಿಚಿತನೊಬ್ಬನ ಬೆನ್ನು ಹತ್ತಿದ್ದ.

ಹಾಳೆಯನ್ನು ಗುಬ್ಬಿಯ ಮೇಜಿನ ಮೇಲಿಂದ ತೆಗೆದು ಅವನ ಕೈಗಿಟ್ಟವಳು ಅಕ್ಕ.

ಅವನು ಎದ್ದ.

ಹೊರಗೆ ಆಫೀಸಿನ ಕಾರು ನಿಂತಿತ್ತು. ಹುಡುಕಾಟಕ್ಕೆಂದು, ಎಲ್ಲಿಗೆ ಅಂತಲೂ ಕೇಳದೆ ಯಜಮಾನರು ಕೊಟ್ಟ ಕಾರು. ಡ್ರೈವರ್ ತಾನಾಗಿಯೇ ನಾನು ಹೋಗ್ತೀನಿ ಎಂದು ಮುಂದೆ ಬಂದಿದ್ದನಂತೆ. ಒಳ್ಳೆಯ ಮನುಷ್ಯ. ಕಣಿವೆಯ ಲಾಡ್ಜಿನಲ್ಲಿ ಪಕ್ಕದ ಮಂಚದಲ್ಲಿ ಮಲಗಿ, ಉಡ ನಿದ್ದೆಯಿಲ್ಲದೆ ಹೊರಳಿದಾಗೆಲ್ಲ ಎದ್ದು ಕೂತು ಜೊತೆ ಕೊಟ್ಟವನು.

"ಏನಾದ್ರೂ ಗೊತ್ತಾಯ್ತಾ ಸಾಹೇಬ್ರೇ?"

"ಅಕ್ಕನ ಮನೆಗೆ ನಡಿ."

"ಅಲ್ಲಿಂದ ಮತ್ತೆ ಕಣಿವೆಗೇ ಹೋಗೋಣ್ವಾ? ಪೂರ್ವದ ಇಳಿಜಾರು ಸರಿಯಾಗಿ ನೋಡೇ ಇಲ್ಲ ನಾವು."

ಉಡ ಕಾರು ಹತ್ತಿ ಬಾಗಿಲು ಹಾಕಿಕೊಂಡ. ಅಕ್ಕನಿಗೆ ಏನೆಂದು ಕೇಳಬೇಕು ಅನ್ನುವುದೇ ಅವನಿಗೆ ತೋಚುತ್ತಿರಲಿಲ್ಲ. ಕಳ್ಳರನ್ನು, ಕೊಲೆಗಾರರನ್ನು, ಒಮ್ಮೆ ಒಬ್ಬ ಮಂತ್ರಿಯ ಮಗನನ್ನು ಕೂರಿಸಿಕೊಂಡು ವಿಚಾರಿಸಿದವನು. ತನ್ನನ್ನು ಎತ್ತಿ ಬೆಳೆಸಿದವಳನ್ನು ವಿಚಾರಿಸುವುದನ್ನು ಯಾವ ಇಲಾಖೆಯೂ ಕಲಿಸಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಮೂರು ದಿನದಿಂದ ಅಕ್ಕ ಬಾಗಿಲು ಹಾಕುತ್ತಿಲ್ಲವೆಂದು ಎದುರುಮನೆಯವರು ಕಿಟಕಿಯಿಂದಲೇ ದೂರು ಹೇಳಿದರು. ಒಳಗೆ ಅಕ್ಕ ಗುಬ್ಬಿಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಇಸ್ತ್ರಿ ಆದದ್ದನ್ನೇ ಬಿಡಿಸಿ ಮತ್ತೆ ಹಾಕುತ್ತಿದ್ದಳು.

"ಬಂದ್ಯಾ ಪುಟ್ಟಾ?" ಅರವತ್ತೊಂದರ ಉಡ ಅವಳಿಗೆ ಇನ್ನೂ ಪುಟ್ಟನೇ. "ಸಿಕ್ಕಿದ್ಲಾ?"

ಕೇಳಿದ ರೀತಿಯಲ್ಲಿ ಆಸೆ ಇರಲಿಲ್ಲ. ಇಷ್ಟು ದಿನ ಫೋನಿನಲ್ಲಿ ಅವಳು ಇದೇ ಪ್ರಶ್ನೆ ಕೇಳಿದಾಗಲೂ ಇರಲಿಲ್ಲವೇನೋ. ಆಗ ಅವನು ಅದನ್ನು ದಣಿವು ಅಂದುಕೊಂಡಿದ್ದ.

"ಅಕ್ಕಾ, ಭಾವ ಬೆಳಿಗ್ಗೆ ಮಾತ್ರೆಗೆ ಬಿಸಿನೀರು ಎಷ್ಟು ಹೊತ್ತಿಗೆ ಕೇಳ್ತಿದ್ರು?"

"ಆರು ಗಂಟೆಗೆ. ಐದು ನಿಮಿಷ ತಡ ಆದ್ರೂ ಮುಖ ಊದಿಸ್ಕೊಳ್ತಿದ್ರು. ಯಾಕೋ?"

ಹೇಳಿ ಮುಗಿಸಿದ ಮೇಲೆ ಅವಳ ಕೈ ನಿಂತಿತು. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೇ ಇತ್ತು. ಸುಟ್ಟ ವಾಸನೆ ಬರುವವರೆಗೂ ಇಬ್ಬರೂ ಅಲುಗಾಡಲಿಲ್ಲ. ಕಡೆಗೆ ಉಡನೇ ಹೋಗಿ ಸ್ವಿಚ್ ಆರಿಸಿದ. ಗುಬ್ಬಿಯ ಹಳದಿ ಕುರ್ತಾದ ಬೆನ್ನಿನಲ್ಲಿ ಕಂದು ಗುರುತು ಬಿದ್ದಿತ್ತು.

"ಹಾಳೆ ಟೈಪ್ ಮಾಡಿದ್ದು ನೀನು."

ಅಕ್ಕ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಟೈಪಿಸ್ಟ್ ಆಗಿದ್ದವಳು. ಕೊಟ್ಟದ್ದನ್ನು ಕೊಟ್ಟ ಹಾಗೆ, ಒಂದು ಚುಕ್ಕೆಯೂ ತಪ್ಪದಂತೆ ನಕಲು ಮಾಡುವುದೇ ಅವಳ ಕಸುಬು. ಇಲ್ಲೂ ಹಾಗೇ ಮಾಡಿದ್ದಳು. ಗಂಡನ ಮಂಡಿಯನ್ನೂ ಬಿಟ್ಟಿರಲಿಲ್ಲ.

"ಹೌದು," ಅಂದಳು.

"ಯಾಕೆ?"

"ನಿನ್ನನ್ನ ಊರಿಂದ ಕಳಿಸಬೇಕಿತ್ತು."

ಅವನಿಗೆ ಕೂಗಬೇಕೆನಿಸಿತು, ಕೂಗಿದ. "ಹದಿನೆಂಟು ದಿನ ಅಕ್ಕಾ! ಅಲ್ಲಿ ಪೀಪಾಯಿ ಪೀಪಾಯಿ ಬಗ್ಗಿ ನೋಡಿದೀನಿ. ಪ್ರತಿ ಸಲ ಬಗ್ಗುವಾಗ್ಲೂ ಅವಳ ಹೆಣ ಕಾಣುತ್ತೇನೋ ಅಂತ ಕಣ್ಣು ಮುಚ್ಕೊಂಡಿದೀನಿ. ನೀನು ಇಲ್ಲಿ ಕೂತು ಸಿಕ್ಕಿದ್ಲಾ ಅಂತ ಕೇಳ್ತಿದ್ದೆ!"

ಅಕ್ಕ ಅಳಲಿಲ್ಲ. ಅಳುವುದೆಲ್ಲ ಮುಗಿದವರ ಮುಖ ಅದು. ಮೆಲ್ಲಗೆ ಹೇಳಿದಳು.

"ಶನಿವಾರ ಬೆಳಿಗ್ಗೆ ಫೋನ್ ಬಂತು. ಗಂಡಸಿನ ದನಿ. ಮಗಳು ನಮ್ಮ ಹತ್ರ ಇದಾಳೆ, ಪೊಲೀಸರಿಗೆ ಹೇಳಿದ್ರೆ ಹೆಣ ಸಿಗುತ್ತೆ ಅಂದ. ಏನು ಬೇಕಪ್ಪಾ, ಮನೆ ಬೇಕಾ ತಗೊಳ್ಳಿ ಅಂದೆ. ಅದೇನೂ ಬೇಡ. ನಿಮ್ಮ ತಮ್ಮ ಊರಲ್ಲಿರಬಾರದು, ಮೂರನೇ ಮಂಗಳವಾರ ಸಂಜೆವರೆಗೂ ಎಲ್ಲಾದ್ರೂ ಅಲೀತಾ ಇರಲಿ. ಬುಧವಾರ ಬೆಳಿಗ್ಗೆ ಮಗಳು ಬಾಗಿಲಲ್ಲಿರ್ತಾಳೆ ಅಂದ. ನಿನ್ನನ್ನ ಎಲ್ಲಿಗೆ ಅಂತ ಕಳಿಸ್ಲಿ? ಬೀರು ತೆಗೆದ್ರೆ ಆ ಹಾಳೆ ಕಾಣ್ತು."

ಮೂರನೇ ಮಂಗಳವಾರ. ಉಡ ಗೋಡೆಗೆ ಒರಗಿದ.

ಆ ಮಂಗಳವಾರ ಅವನು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಬೇಕಿತ್ತು, ಕೋರ್ಟು ಕೊಟ್ಟ ಕೊನೆಯ ವಾಯಿದೆ ಅದು. ಗೋದಾಮಿಗೆ ಬೆಂಕಿ ಇಡಿಸಿದ ಒಬ್ಬ ಗುತ್ತಿಗೆದಾರನ ಕೇಸು, ಒಳಗೆ ಮಲಗಿದ್ದ ಇಬ್ಬರು ಕಾವಲುಗಾರರು ಬೂದಿಯಾಗಿದ್ದರು. ಒಂಬತ್ತು ವರ್ಷ ಎಳೆದಾಡಿದ ಆ ಕೇಸಿನಲ್ಲಿ, ಬೆಂಕಿ ಬಿದ್ದ ಹೊತ್ತಿಗೆ ಗುತ್ತಿಗೆದಾರನನ್ನು ಅಲ್ಲಿ ಕಣ್ಣಾರೆ ಕಂಡವನು ಉಡ ಒಬ್ಬನೇ. ಅಕ್ಕನ ಮಗಳು ಕಾಣೆಯಾಗಿದ್ದಾಳೆ, ಬರಲಾರೆ ಎಂದು ಕಣಿವೆಯಿಂದಲೇ ವಕೀಲರಿಗೆ ಫೋನ್ ಮಾಡಿದ್ದ. ಸಾಕ್ಷಿಯಿಲ್ಲವೆಂದು ಗುತ್ತಿಗೆದಾರ ಬಿಡುಗಡೆಯಾದ ಸುದ್ದಿಯನ್ನು ಬುಧವಾರದ ಪೇಪರಿನಲ್ಲಿ ಓದಿ, ಮಡಿಸಿ, ಸೀಟಿನ ಕೆಳಗೆ ತುರುಕಿದ್ದ.

"ನನಗೆ ಹೇಳಬಹುದಿತ್ತು," ಅಂದ. ದನಿ ಈಗ ಏರಲಿಲ್ಲ.

"ಹೇಳಿದ್ರೆ ಸಾಕ್ಷಿ ಹೇಳೋದು ಬಿಡ್ತಿದ್ಯಾ?"

"ಬಿಡ್ತಿದ್ದೆ."

ಅಕ್ಕ ತಲೆ ಅಲ್ಲಾಡಿಸಿದಳು. "ಇಲ್ಲ ಪುಟ್ಟಾ. ನೀನು ಕೇಸನ್ನೂ ಗೆಲ್ತೀನಿ, ಅವಳನ್ನೂ ತರ್ತೀನಿ ಅಂತ ಹೊರಡ್ತಿದ್ದೆ. ಹಾವೂ ಸಾಯಬೇಕು, ಕೋಲೂ ಮುರೀಬಾರದು ನಿನಗೆ. ಚಿಕ್ಕೋನಿದ್ದಾಗಿಂದ ಹಾಗೇ ನೀನು. ನನಗೆ ಇರೋಳು ಒಬ್ಬಳೇ ಮಗಳು ಕಣೋ."

ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

"ಆಮೇಲೆ ಫೋನ್ ಬಂತಾ?"

"ಎರಡು ಸಲ. ಐದನೇ ದಿನ ಒಂದ್ಸಲ, ಮಂಗಳವಾರದ ಹಿಂದಿನ ದಿನ ಇನ್ನೊಂದ್ಸಲ. ಮೂರು ಸಲಾನೂ ಅವಳ ದನಿ ಕೇಳಿಸಿದ." ಅಕ್ಕನ ಮುಖದಲ್ಲಿ ಒಂದಿಷ್ಟು ಜೀವ ಬಂದಂತಾಯಿತು. "'ಅಮ್ಮಾ, ನಾನು ಚೆನ್ನಾಗಿದೀನಿ, ಅಳಬೇಡ' ಅಂದ್ಲು. ಸ್ವಲ್ಪ ಕೆಮ್ಮು ಇದೆ ಪಾಪ. ಹೇಳಿದ ಕೂಡ್ಲೇ ಎರಡು ಸಲ ಕೆಮ್ಮಿದ್ಲು."

"ಯಾವಾಗ? ಯಾವ ಸಲ ಕೆಮ್ಮಿದ್ದು?"

"ಮೂರು ಸಲಾನೂ. ಮೂರು ಸಲಾನೂ ಅದೇ ಮಾತು, ಆಮೇಲೆ ಎರಡು ಕೆಮ್ಮು."

ಉಡ ಮುಖ ತಿರುಗಿಸಿಕೊಂಡ. ಮೂರು ಸಲವೂ ಅದೇ ಮಾತು, ಮೂರು ಸಲವೂ ಎರಡೇ ಕೆಮ್ಮು. ಅದು ಮಗಳ ದನಿಯಲ್ಲ, ಮೊದಲ ದಿನ ರೆಕಾರ್ಡ್ ಮಾಡಿ ಇಟ್ಟುಕೊಂಡ ದನಿ. ಆ ಶನಿವಾರದ ನಂತರ ಗುಬ್ಬಿ ಉಸಿರಾಡುತ್ತಿದ್ದಾಳೆ ಅನ್ನುವುದಕ್ಕೆ ಒಂದೇ ಒಂದು ಗುರುತೂ ಇಲ್ಲ. ಅಕ್ಕ ಆ ಎರಡು ಕೆಮ್ಮನ್ನೇ ಹಿಡಿದುಕೊಂಡು ಬದುಕಿದ್ದಾಳೆ. ಅದನ್ನು ಅವಳ ಕೈಯಿಂದ ಕಿತ್ತುಕೊಳ್ಳುವ ಧೈರ್ಯ ಅವನಿಗಿರಲಿಲ್ಲ.

"ಬುಧವಾರ ಬೆಳಿಗ್ಗೆಯಿಂದ ಬಾಗಿಲು ತೆಗೆದಿಟ್ಟಿದೀನಿ," ಅಕ್ಕ ಹೇಳಿದಳು. "ಇವತ್ತು ಶುಕ್ರವಾರ. ಅವರು ಹೇಳಿದ ಹಾಗೆಲ್ಲ ನಾ ಮಾಡಿದ್ನಲ್ಲೋ. ಯಾಕೋ ಬರ್ಲಿಲ್ಲ ಅವಳು?"

ಅವನು ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತ. ತಪ್ಪು ಅವಳದೆಷ್ಟೋ ತನ್ನದೂ ಅಷ್ಟೇ. ಅವಳು ಹಾಳೆ ಕೊಟ್ಟಳು, ತಾನು ಅದನ್ನು ಕವರಿನಲ್ಲಿ ಭದ್ರ ಮಾಡಿದ.

"ಆ ಗಂಡಸಿನ ದನಿ ಹೇಗಿತ್ತು ಅಕ್ಕಾ? ನೆನಪು ಮಾಡ್ಕೊ. ವಯಸ್ಸು? ಗಡಸೋ, ತೆಳುವೋ?"

"ಬೆದರಿಸೋ ಮಾತಾದ್ರೂ ಬೆದರಿಸೋ ದನಿಯಲ್ಲ. ಮೆತ್ತಗೆ, ತುಂಬ ಮರ್ಯಾದೆಯಿಂದ. ಅವನಿಗೇ ಭಯ ಇದ್ದ ಹಾಗೆ. ಇನ್ನೊಂದ್ಸಲ ಕೇಳಿದ್ರೆ ಸಾವಿರ ಜನರಲ್ಲೂ ಗುರುತು ಹಿಡೀತೀನಿ."

ಹೊಸ್ತಿಲ ಹತ್ತಿರ ಚಪ್ಪಲಿ ಬಿಡುವ ಸದ್ದಾಯಿತು.

"ಸಾಹೇಬ್ರೇ, ಬ್ಯಾಗು ಕಾರಲ್ಲೇ ಬಿಟ್ಟಿದ್ರಿ. ಒಳಗಿಡ್ಲಾ?"

ಅಕ್ಕನ ಬೆರಳುಗಳು ಉಡನ ಮಣಿಕಟ್ಟನ್ನು ಹಿಡಿದವು. ಹಿಡಿತ ಎಷ್ಟು ಬಲವಾಗಿತ್ತೆಂದರೆ ಅವಳ ಉಗುರು ಚರ್ಮಕ್ಕೆ ಇಳಿಯಿತು. ಕಿವಿಯ ಹತ್ತಿರ ಬಗ್ಗಿ ಹೇಳಿದಳು.

"ಅದೇ ದನಿ ಕಣೋ."

ಡ್ರೈವರ್ ಬಾಗಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಉಡನ ಬ್ಯಾಗು, ಇನ್ನೊಂದರಲ್ಲಿ ಅವನು ಮರೆತ ಸ್ವೆಟರು.

ಮೂವತ್ತೊಂದು ವರ್ಷದ ಅಭ್ಯಾಸದಂತೆ ಉಡ ಎದ್ದು ಅವನ ಕತ್ತು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಅವನ ತಲೆ ಬೇರೆಯದನ್ನೇ ಎಣಿಸುತ್ತಿತ್ತು. ಕಣಿವೆಗೆ ಹೋಗಲು ಆರು ಗಂಟೆ, ಬರಲು ಆರು ಗಂಟೆ. ಈ ಮನುಷ್ಯ ಪಕ್ಕದ ಮಂಚದಲ್ಲಿ ಮಲಗಿದ್ದ, ಎದುರಿನ ತಟ್ಟೆಯಲ್ಲಿ ಉಂಡಿದ್ದ. ಪೆಟ್ರೋಲ್ ಬಂಕಿನ ಹತ್ತು ನಿಮಿಷ ಬಿಟ್ಟರೆ ಹದಿನೆಂಟು ದಿನದಲ್ಲಿ ಒಮ್ಮೆಯೂ ಕಣ್ಣಿನಿಂದ ಮರೆಯಾಗಿರಲಿಲ್ಲ.

"ಗುಬ್ಬಿಗೆ ಯಾರಪ್ಪಾ ನೀರು ಕೊಡ್ತಿರೋದು?" ಉಡ ಕೇಳಿದ. ದನಿ ಅವನಿಗೇ ಗುರುತು ಸಿಗಲಿಲ್ಲ. "ನೀನು ನನ್ನ ಜೊತೆ ಇದ್ಯಲ್ಲ."

ಬ್ಯಾಗು ನೆಲಕ್ಕೆ ಬಿತ್ತು. ಡ್ರೈವರ್ ಓಡಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತು, ಸ್ವೆಟರನ್ನು ಎದೆಗೆ ಒತ್ತಿಕೊಂಡ.

"ಮಂಗಳವಾರದವರೆಗೂ ನಾವು ಕೊಡ್ತೀವಿ ಅಂದಿದ್ರು ಸಾಹೇಬ್ರೇ, ಗುತ್ತಿಗೆದಾರನ ಕಡೆಯೋರು," ಅಂದ. "ಬುಧವಾರದಿಂದ ಅವರು ನನ್ನ ಫೋನೇ ಎತ್ತುತ್ತಿಲ್ಲ."